ಕಾಫಿ ಹರಡುವ ಮುಂಚೆ ತಡಿಯಂಡಮೋಳ್ ಕಡೆ ಒಮ್ಮೆ ನೋಡಿ

ಹೋದ ಫೆಬ್ರವರಿಯಲ್ಲಿ ಫೋನು ಬಿಸಿಲಿನ ಚಿತ್ರ ತೋರಿಸಿತೆಂದು ಹದಿನೈದು ಚೀಲ ರೋಬಸ್ಟಾ ಚೆರ್ರಿ (ಕಾಫಿ ಹಣ್ಣು) ಕಣದಲ್ಲಿ ಹರಡಿ ನಾಪೋಕ್ಲಿಗೆ ಹೋದೆ. ಅಲ್ಲಿ ಒಂದು ಹನಿಯೂ ಇಲ್ಲ. ಕೊಡಗಿನ ನಮ್ಮ ಕಕ್ಕಬ್ಬೆಗೆ ವಾಪಸು ಬಂದರೆ ಮಳೆಮಾಪಕದಲ್ಲಿ 35 ಸೆಂಟ್ (ನೂರು ಸೆಂಟ್ ಅಂದರೆ ಒಂದು ಇಂಚು), ಕಣದ ಮೂಲೆಯಲ್ಲಿ ಕೆಂಪು ನೀರು, ಅದರಲ್ಲಿ ತೇಲುತ್ತಿರುವ ನನ್ನ ಕಾಫಿ. ನಾಲ್ಕೇ ದಿನಕ್ಕೆ ಬೂಷ್ಟು ಹಿಡಿಯಿತು.

ಫೋನನ್ನು ಬೈದು ಪ್ರಯೋಜನವಿಲ್ಲ. ಅದು ಹೇಳಿದ್ದು ಮಡಿಕೇರಿಯ ಹವೆ. ಭಾಗಮಂಡಲದಲ್ಲಿ ವರ್ಷದ ಮಳೆ 5,000 ಮಿ.ಮೀ. ದಾಟುತ್ತದೆ, ಕುಶಾಲನಗರದ ಕಡೆ ಅದರ ಕಾಲುಭಾಗ ಬಿದ್ದರೆ ಹೆಚ್ಚು. ಕಡಲಿನ ತೇವ ಹೊತ್ತ ಗಾಳಿ ಘಟ್ಟ ಹತ್ತುತ್ತಾ ತಣ್ಣಗಾಗಿ ನಮ್ಮ ಮೇಲೇ ಸುರಿದುಬಿಡುತ್ತದೆ. ಪೂರ್ವಕ್ಕೆ ಇಳಿಯುವ ಹೊತ್ತಿಗೆ ಅದರ ಜೇಬು ಖಾಲಿ.

ಅದಕ್ಕೆ ನಿಮ್ಮ ಅಂಗಳದಿಂದ ಕಾಣುವ ಒಂದು ಬೆಟ್ಟವನ್ನು ಗುರುತಿಗೆ ಇಟ್ಟುಕೊಳ್ಳಿ. ನನ್ನದು ತಡಿಯಂಡಮೋಳ್, 1,748 ಮೀಟರ್, ಕೊಡಗಿನಲ್ಲೇ ಎತ್ತರದ್ದು. ಕೆಳಗೆ ಕಪ್ಪು ಶೋಲಾ ಕಾಡು, ಮೇಲೆ ಬೋಳು ಹುಲ್ಲು, ನಡುವೆ ಸೀರೆಯ ಅಂಚಿನ ಹಾಗೆ ಒಂದು ಗೆರೆ. ಮೋಡದ ತಳ ಆ ಗೆರೆಯಿಂದ ಎಷ್ಟು ಮೇಲಿದೆ ಅಂತ ಎಂಟಕ್ಕೆ, ಹತ್ತಕ್ಕೆ, ಹನ್ನೆರಡಕ್ಕೆ ನೋಡುತ್ತೇನೆ. ಬಿಸಿಲೇರಿದ ಹಾಗೆ ತಳವೂ ಮೇಲೇರಬೇಕು. ಏರದೆ ಗೆರೆಯ ಕಡೆಗೆ ಜಗ್ಗಿದರೆ ಗಾಳಿಯಲ್ಲಿ ತೇವ ಸೇರುತ್ತಿದೆ, ಅಂದು ಕಣ ಬಿಟ್ಟು ಹೋಗಬೇಡಿ.

ಬೆಳಗ್ಗೆ ಕಣಿವೆಯಲ್ಲಿ ಹಾಲು ಚೆಲ್ಲಿದಂತೆ ಕೂತ ಮಂಜಿಗೆ ಹೆದರಬೇಕಿಲ್ಲ. ರಾತ್ರಿ ಆಕಾಶ ತಿಳಿಯಾಗಿದ್ದು ನೆಲ ತಣಿದಿದೆ, ತಣ್ಣನೆ ಗಾಳಿ ತಗ್ಗಿಗೆ ಇಳಿದಿದೆ. ಒಂಬತ್ತೂವರೆಗೆಲ್ಲ ಕರಗುತ್ತದೆ. ಹೋಂಸ್ಟೇ ಅತಿಥಿಗಳು ಫೋಟೊ ತೆಗೆದು ಮುಗಿಸುವಷ್ಟರಲ್ಲಿ ಕಾಫಿ ಹರಡಬಹುದು.

ಹೆದರಬೇಕಾದ್ದು ಹೂಕೋಸು ಮೋಡಕ್ಕೆ. ಊಟದ ಹೊತ್ತಿಗೆ ಮೊದಲೇ ಅದು ಅಗಲಕ್ಕಿಂತ ಎತ್ತರಕ್ಕೆ ಬೆಳೆದಿದ್ದರೆ ಟಾರ್ಪಾಲು ಹೊರಗೆ ತನ್ನಿ. ಗಂಟುಗಂಟಾಗಿದ್ದ ಅದರ ತಲೆ ಮಸುಕಾಗಿ, ಎಳೆಎಳೆಯಾಗಿ ಹರಡಿತೋ, ಮೇಲೆ ಹಿಮದ ಹರಳು ಕಟ್ಟಿದೆ ಎಂದರ್ಥ. ಆಗ ಕಾಯುವುದು ಬೇಡ, ರಾಶಿ ಮಾಡಿ. ಬೆವರಿಳಿಯುವ ಸೆಕೆಯ ನಡುವೆ ಇದ್ದಕ್ಕಿದ್ದಂತೆ ಮಣ್ಣಿನ ವಾಸನೆಯ ತಣ್ಣನೆ ಗಾಳಿ ಬಂದರೆ ಪಕ್ಕದ ಬೆಟ್ಟದಲ್ಲಿ ಸುರಿಯುತ್ತಿದೆ. ನನ್ನ ಲೆಕ್ಕದಲ್ಲಿ ನಿಮಗಿರುವುದು ಹತ್ತು ನಿಮಿಷ. ಮಿಂಚು ಕಂಡ ಮೇಲೆ ಎಣಿಸಿ: ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. ಮೂವತ್ತು ಎಣಿಸುವ ಮುಂಚೆ ಗುಡುಗಿದರೆ ಕಾಫಿ ನೆನೆದರೂ ಸರಿ, ಮನೆಯೊಳಗೆ ಹೋಗಿ. ಸಿಲ್ವರ್ ಓಕ್ ಬುಡದಲ್ಲಂತೂ ನಿಲ್ಲಬೇಡಿ. ದಾಮಿನಿ ಆ್ಯಪ್ ಇದ್ದರೆ ಸಿಡಿಲು ಎಲ್ಲೆಲ್ಲಿ ಬಿತ್ತು ಅಂತ ತೋರಿಸುತ್ತದೆ; ನೆಟ್‌ವರ್ಕ್ ಇದ್ದರೆ ಅನ್ನಿ.

ಬೆಟ್ಟದ ನೆತ್ತಿಯ ಮೇಲೆ ಟೊಪ್ಪಿಯಂತೆ ಕೂತ ಮೋಡ ಮಾತ್ರ ನನ್ನನ್ನು ಈಗಲೂ ಏಮಾರಿಸುತ್ತದೆ. ಕದಲುವುದೇ ಇಲ್ಲ, ಗಾಳಿಯಿಲ್ಲವೇನೋ ಅನಿಸುತ್ತದೆ. ಆದರೆ ಅದು ಒಂದು ಕಡೆ ಹುಟ್ಟಿ ಇನ್ನೊಂದು ಕಡೆ ಕರಗುತ್ತಲೇ ಇರುತ್ತದೆ. ಅಂಚಿನ ಒಂದು ಚೂರಿನ ಮೇಲೆ ಎರಡು ನಿಮಿಷ ಕಣ್ಣಿಡಿ, ಗಾಳಿಯ ದಿಕ್ಕು ಸಿಗುತ್ತದೆ. ಮಳೆ ಬರುತ್ತೋ ಇಲ್ಲವೋ, ಅದು ಬೇರೆ ಮಾತು.

ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟಿನ ಜೋರು ಮಳೆಯ ತಿಂಗಳಲ್ಲಿ, ಈ ವಿದ್ಯೆ ನಡೆಯದು, ಎಷ್ಟೋ ದಿನ ಬೆಟ್ಟವೇ ಕಾಣುವುದಿಲ್ಲ. ಆಗ ನೆಲ ನೋಡಿ: ಮನೆ ಹಿಂದಿನ ಬರೆಯಲ್ಲಿ (ಕಡಿದಾದ ಮಣ್ಣಿನ ದಿಬ್ಬದಲ್ಲಿ) ಹೊಸ ಬಿರುಕು, ತೋಡಿನ ನೀರು ಏಕಾಏಕಿ ಕೆಸರಾಗುವುದು. 2018ರ ಆಗಸ್ಟಿನ ಭೂಕುಸಿತ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ಅಂದ ಹಾಗೆ, ಚೆರ್ರಿ ಹಾಳುಮಾಡಿದ ಆ 35 ಸೆಂಟ್ ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆಯ ಲೆಕ್ಕಕ್ಕೂ ಬರಲಿಲ್ಲ. ಹೂವಿಗೆ ಒಂದು ಇಂಚಾದರೂ ಬೇಕು. ಎರಡು ದಿನ ಆಕಾಶ ನೋಡಿ, ಮೂರನೇ ದಿನ ಡೀಸೆಲ್ ತಂದು ಸ್ಪ್ರಿಂಕ್ಲರ್ ಓಡಿಸಿದೆ.