ದೇವರ ಜೊತೆ ಚೌಕಾಸಿ ನಿಲ್ಲಿಸಿದ ಮೇಲೆ

ನಾನು ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟ್ ಎಂಜಿನ್ ರಿಪೇರಿ ಮಾಡುವವನು. ಹುಟ್ಟಿನಿಂದ ಕ್ಯಾಥೋಲಿಕ. ಭಾನುವಾರದ ಪೂಜೆ, ಸಂಜೆ ಮನೆಯಲ್ಲಿ ಜಪಸರ, ಇವೆಲ್ಲ ಚಿಕ್ಕಂದಿನಿಂದಲೂ ಇದ್ದವು. ಆದರೆ ದೇವರ ಮೇಲೆ ಭಾರ ಹಾಕಿ ನೆಮ್ಮದಿಯಾಗಿ ಮಲಗುವುದು ಬಂದದ್ದು ಬಹಳ ತಡವಾಗಿ. ಅದು ಹೇಗೆ ಬಂತು ಅಂತ ಬರೆಯುತ್ತೇನೆ. ರಾತ್ರಿ ಎದ್ದು ಕೂತು ಸಾಲದ ಲೆಕ್ಕ ಹಾಕುವವರು ನನ್ನ ಹಾಗೆ ಬಹಳ ಜನ ಇದ್ದಾರೆ. ಅವರಿಗೆ ಉಪಯೋಗವಾಗಲಿ ಅಂತ ಆಸೆ.

ನಮ್ಮ ಕೆಲಸದ ರೀತಿಯನ್ನು ಮೊದಲು ಹೇಳಬೇಕು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಮೀನಿಗೆ ಹೋಗುವಂತಿಲ್ಲ. ಆಗಲೇ ನಮಗೆ ಕೈತುಂಬ ಕೆಲಸ. ಎಂಜಿನ್ ಬಿಚ್ಚಬೇಕು, ಪಿಸ್ಟನ್ ರಿಂಗ್, ಬೇರಿಂಗ್ ಬದಲಿಸಬೇಕು, ಮತ್ತೆ ಕೂಡಿಸಬೇಕು. ದುಡ್ಡು ಮಾತ್ರ ಆಗಸ್ಟ್ ಆದ ಮೇಲೆ. ಅದೂ ಬಂಗಡೆ, ತಾರ್ಲೆ ಬಲೆಗೆ ಬಿದ್ದರೆ. "ಮೇಸ್ತ್ರಿ, ಸಮುದ್ರ ನನಗೆ ಕೊಟ್ಟರೆ ನಾನು ನಿಮಗೆ ಕೊಡ್ತೇನೆ" ಅಂತ ಬೋಟ್ ನಡೆಸುವ ಒಬ್ಬ ತಾಂಡೇಲರು ಪ್ರತಿ ವರ್ಷ ಹೇಳುತ್ತಾರೆ. ಅವರು ಸುಳ್ಳು ಹೇಳುವವರಲ್ಲ. ಸಮುದ್ರ ಕೊಡದಿದ್ದರೆ ಅವರಾದರೂ ಎಲ್ಲಿಂದ ತಂದಾರು? ಆದರೆ ಸ್ಪೇರ್ ಪಾರ್ಟ್ ಅಂಗಡಿಯ ಉದ್ರಿ, ಸಂಘದ ಕಂತು, ನನ್ನ ಕೈಕೆಳಗಿನ ಹುಡುಗರ ಪಗಾರ ಮೀನಿಗಾಗಿ ಕಾಯುವುದಿಲ್ಲ.

ಆಗ ನನ್ನ ಪ್ರಾರ್ಥನೆ ಅಂದರೆ ಒಂದು ಕರಾರು. ಈ ಸಲ ಬಾಕಿಯೆಲ್ಲ ವಸೂಲಾಗಲಿ, ಡಿಸೆಂಬರ್ 3ಕ್ಕೆ ಚಂದಾವರದ ಇಗರ್ಜಿಯ ಸಂತ ಫ್ರಾನ್ಸಿಸ್ ಝೇವಿಯರರ ಹಬ್ಬಕ್ಕೆ ಬಂದು ಮೇಣದ ಬತ್ತಿ ಹಚ್ಚುತ್ತೇನೆ. ಮಗಳಿಗೆ ಕೆಲಸ ಸಿಗಲಿ, ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲ ಮುಗಿಯುವ ತನಕ ಮೀನು ಮುಟ್ಟುವುದಿಲ್ಲ. ಬೇಡಿದ್ದು ಸಿಕ್ಕರೆ ಹರಕೆ ತೀರಿಸುವ ಚಿಂತೆ. ಸಿಗದಿದ್ದರೆ ನಾನೇನು ಕಡಿಮೆ ಮಾಡಿದೆ ಅನ್ನುವ ಚಿಂತೆ. ಎರಡರಲ್ಲೂ ಬಿಡುಗಡೆ ಇರಲಿಲ್ಲ.

ಇದು ಸಡಿಲವಾಗಲು ಶುರುವಾದದ್ದು ಒಂದು ಪವಿತ್ರ ಗುರುವಾರ, ಅಂದರೆ ಗುಡ್ ಫ್ರೈಡೇಯ ಹಿಂದಿನ ದಿನ. ಆ ರಾತ್ರಿ ಪೂಜೆಯ ನಂತರ ಇಗರ್ಜಿಯಲ್ಲಿ ಆರಾಧನೆ ಇರುತ್ತದೆ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸುಸ್ವಾಮಿ ಮಾಡಿದ ಪ್ರಾರ್ಥನೆಯನ್ನು ಬೈಬಲಿನ ಮಾರ್ಕನ ಶುಭಸಂದೇಶದ 14ನೇ ಅಧ್ಯಾಯದಿಂದ ಓದಿದರು. ಎಷ್ಟೋ ಸಲ ಕೇಳಿದ ಭಾಗವೇ. ಆ ದಿನ ಅದರಲ್ಲಿನ ಕ್ರಮ ಕಣ್ಣಿಗೆ ಬಿತ್ತು. ಯೇಸು ಮೊದಲು ತಂದೆಗೆ ನೇರವಾಗಿ ಕೇಳುತ್ತಾರೆ: ಈ ಕಷ್ಟದ ಪಾತ್ರೆಯನ್ನು ನನ್ನಿಂದ ತೆಗೆದುಬಿಡಿ. ಆಮೇಲೆ ಹೇಳುತ್ತಾರೆ: ಆದರೂ ನನ್ನ ಇಷ್ಟದಂತಲ್ಲ, ನಿಮ್ಮ ಚಿತ್ತದಂತೆ ಆಗಲಿ. ಬದಲಿಗೆ ಇಂಥದ್ದು ಕೊಡುತ್ತೇನೆ ಅನ್ನುವ ಮಾತೇ ಇಲ್ಲ. ಭಯವನ್ನು ಮುಚ್ಚಿಡುವುದೂ ಇಲ್ಲ. ನೆಲಕ್ಕೆ ಬಿದ್ದು ಕೇಳುತ್ತಾರೆ. ಒಂದೇ ಸಲ ಕೇಳಿ ಸುಮ್ಮನಾಗುವುದಿಲ್ಲ, ಮತ್ತೆ ಮತ್ತೆ ಹೋಗಿ ಅದನ್ನೇ ಕೇಳುತ್ತಾರೆ. ದೇವರ ಮಗನಿಗೇ ಅಷ್ಟು ಸಂಕಟ ಆಗಿತ್ತು ಅಂದರೆ, ಹೆದರಿಕೆ ಇದ್ದ ಮಾತ್ರಕ್ಕೆ ನಂಬಿಕೆ ಇಲ್ಲ ಅಂತ ಅರ್ಥವಲ್ಲ, ಅಲ್ವಾ?

ಅಂದಿನಿಂದ ಅದೇ ಕ್ರಮ ಹಿಡಿದೆ. ನನಗೆ ಅನುಕೂಲವಾದ ಹೊತ್ತು ಕೆಲಸ ಮುಗಿಸಿ ಕೈ ತೊಳೆಯುವ ಹೊತ್ತು. ಎಂಜಿನ್ನಿನ ಮಸಿ ಸುಲಭದಲ್ಲಿ ಹೋಗುವುದಿಲ್ಲ. ಮೊದಲು ಸ್ವಲ್ಪ ಡೀಸೆಲ್ ಹಚ್ಚಿ ತಿಕ್ಕಬೇಕು, ಆಮೇಲೆ ಸೋಪಿನ ಪುಡಿ, ಉಗುರಿನ ಸಂದಿಗೆ ಹಳೇ ಹಲ್ಲುಜ್ಜುವ ಬ್ರಷ್ಷು. ಆ ಹೊತ್ತಿನಲ್ಲಿ ಯಾರೂ ಮಾತಾಡಿಸುವುದಿಲ್ಲ. ಆ ದಿನದ ಚಿಂತೆಯನ್ನು ಹೆಸರು ಹಿಡಿದು ಹೇಳುತ್ತೇನೆ. "ಎಲ್ಲಾ ಒಳ್ಳೆಯದಾಗಲಿ" ಅನ್ನುವುದಿಲ್ಲ, ಅದರಲ್ಲಿ ಜೀವ ಇರುವುದಿಲ್ಲ. "ಅಂಗಡಿಯವರಿಗೆ ಶುಕ್ರವಾರ ದುಡ್ಡು ಕೊಡಬೇಕು, ನನ್ನ ಹತ್ತಿರ ಇಲ್ಲ, ನನಗೆ ಭಯವಾಗ್ತಿದೆ, ಬಾಕಿ ಬರಲಿ" ಅಂತ ಕೇಳುತ್ತೇನೆ. ಆಮೇಲೆ ಯೇಸು ಕಲಿಸಿದ ಪರಲೋಕ ಪ್ರಾರ್ಥನೆ. 'ನಿಮ್ಮ ಚಿತ್ತವು ನೆರವೇರಲಿ' ಅನ್ನುವಲ್ಲಿ ನಿಲ್ಲುತ್ತೇನೆ. ಮನಸ್ಸು ಒಪ್ಪುವ ತನಕ ಮುಂದೆ ಹೋಗುವುದಿಲ್ಲ. ಕೆಲವು ದಿನ ಒಪ್ಪುವುದೇ ಇಲ್ಲ. ಆಗ ಮಾರ್ಕನ ಶುಭಸಂದೇಶದಲ್ಲೇ ಇರುವ ಇನ್ನೊಬ್ಬ ತಂದೆಯ ಮಾತು ನೆನಪಾಗುತ್ತದೆ. ಮಗನ ಕಾಯಿಲೆಗೆ ಯೇಸುವಿನ ಹತ್ತಿರ ಬಂದವನು ಅವನು. ನಂಬುತ್ತೇನೆ, ನನ್ನ ಅಪನಂಬಿಕೆಯನ್ನೂ ನೀವೇ ನೋಡಿಕೊಳ್ಳಿ ಅಂತ ಕೂಗಿದ. ಅವನ ಮಗ ಗುಣವಾದ. ಅಷ್ಟು ನಂಬಿಕೆ ಸಾಕಾಗುತ್ತದೆ ಅನ್ನುವುದು ನನಗೆ ದೊಡ್ಡ ಧೈರ್ಯ.

ಮುಂದಿನದು ನನ್ನ ಪಾಲಿನ ಕೆಲಸ. ಚಿಂತೆಯೊಳಗೆ ನಾನು ಮಾಡಬೇಕಾದದ್ದು ಏನಾದರೂ ಇದ್ದರೆ ಅದನ್ನು ಆ ದಿನವೇ ಮಾಡುತ್ತೇನೆ. ಅಂಗಡಿಯವರಿಗೆ ಫೋನ್ ಮಾಡಿ, ನಾಲ್ಕು ದಿನ ತಡವಾಗುತ್ತದೆ ಅನ್ನುವುದು ನನ್ನ ಕೆಲಸ. ಮೀನು ಬರುವುದು ನನ್ನ ಕೈಯಲ್ಲಿ ಇಲ್ಲ. ಇದನ್ನು ಒತ್ತಿ ಹೇಳಲು ಕಾರಣ ಇದೆ. ನನ್ನ ಹೆಂಡತಿಗೆ ಸಕ್ಕರೆ ಕಾಯಿಲೆ. ಗುರುತಿನವರೊಬ್ಬರು, ನಿಜವಾದ ನಂಬಿಕೆ ಇದ್ದರೆ ಮಾತ್ರೆ ಯಾಕೆ ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಆದರೆ ಆ ಮಾತು ಅಪಾಯದ್ದು. ದೇವಾಲಯದ ತುದಿಯಿಂದ ಧುಮುಕು, ದೇವದೂತರು ಹಿಡಿಯುತ್ತಾರೆ ಅಂತ ಸೈತಾನನೂ ಯೇಸುವಿಗೆ ಹೇಳಿದ್ದ. ದೇವರನ್ನು ಪರೀಕ್ಷೆ ಮಾಡಬಾರದು ಅಂತ ಯೇಸು ಉತ್ತರ ಕೊಟ್ಟರು. ನನ್ನ ಹೆಂಡತಿ ಮಾತ್ರೆ ನುಂಗಿಯೇ ಜಪಸರ ಹಿಡಿಯುತ್ತಾಳೆ.

ಉಳಿತಾಯದ ಬಗ್ಗೆಯೂ ಕೇಳುವವರಿದ್ದಾರೆ. ನಾಳೆಯ ಚಿಂತೆ ಬೇಡ ಅಂತ ಯೇಸುವೇ ಅಂದಮೇಲೆ ಕೂಡಿಡುವುದು ಸರಿಯಾ? ನನಗೆ ಇದಕ್ಕೆ ಉತ್ತರ ಸಿಕ್ಕಿದ್ದು ಬೈಬಲಿನ ವಿಮೋಚನಕಾಂಡದಲ್ಲಿ, ದೇವರು ಆಕಾಶದಿಂದ ಕೊಟ್ಟ ಮನ್ನ ಅನ್ನುವ ಆಹಾರದ ಕಥೆಯಲ್ಲಿ. ಮರುಭೂಮಿಯಲ್ಲಿ ಜನ ಆಯಾ ದಿನಕ್ಕೆ ಬೇಕಾದಷ್ಟೇ ಕೂಡಿಸಿಕೊಳ್ಳಬೇಕಿತ್ತು. ಹೆದರಿ ಮರುದಿನಕ್ಕೆ ಇಟ್ಟದ್ದಕ್ಕೆ ಹುಳ ಬಿತ್ತು. ಆದರೆ ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತಿನ ಹಿಂದಿನ ದಿನ ದೇವರೇ ಎರಡು ಪಾಲು ಕೂಡಿಸಲು ಹೇಳಿದರು, ಅದು ಕೆಡಲಿಲ್ಲ. ಮಳೆಗಾಲಕ್ಕೆ ಅಂತ ನಾವು ಮೇ ತಿಂಗಳಲ್ಲಿ ಅಕ್ಕಿ, ಒಣಮೀನು ತುಂಬಿಡುವುದು ಆ ಎರಡನೇ ಪಾಲಿನಂತೆ ಅಂತ ನಾನು ತಿಳಿದುಕೊಂಡಿದ್ದೇನೆ.

ಇದೆಲ್ಲ ದುಡ್ಡಿನ ವಿಷಯ. ಜೀವದ ವಿಷಯ ಬಂದಾಗ ಮತ್ತೆ ಅಲ್ಲಾಡಿದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಕುಸಿಯಿತು. ಜನ ಸತ್ತರು. ಗಂಗಾವಳಿ ನದಿಯಲ್ಲಿ ಹುಡುಕಾಟ ಸೆಪ್ಟೆಂಬರ್‌ವರೆಗೂ ನಡೆಯಿತು. ಆಗಸ್ಟ್ 7ರ ನಡುರಾತ್ರಿ ನಮ್ಮ ಕಾಳಿ ನದಿಯ ಹಳೇ ಸೇತುವೆ ಬಿತ್ತು. ನೀರಿಗೆ ಬಿದ್ದ ಲಾರಿಯ ಚಾಲಕನನ್ನು ಬದುಕಿಸಿದರು. ನನ್ನ ಮಗಳು ಗೋವಾದ ಕಾಣಕೋಣದಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಸಂಜೆ ಬಸ್ಸು ಅದೇ ಸೇತುವೆ ಮೇಲೆ ಬರುತ್ತಿತ್ತು. "ನಮ್ಮ ಮಗಳನ್ನು ದೇವರು ಕಾಪಾಡಿದ" ಅಂತ ನೆಂಟರೆಲ್ಲ ಹೇಳಿದರು. ನಾನೂ ಕಣ್ಣೀರು ಹಾಕಿ ಉಪಕಾರ ಹೇಳಿದೆ. ಅವಳು ಮಾತ್ರ ಕೇಳಿದಳು: "ಹಾಗಾದ್ರೆ ಪಪ್ಪಾ, ಶಿರೂರಿನವರನ್ನು ಕಾಪಾಡಲಿಲ್ಲ ಯಾಕೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಲೂಕನ ಶುಭಸಂದೇಶದ 13ನೇ ಅಧ್ಯಾಯವನ್ನು ಇಬ್ಬರೂ ಕೂತು ಓದಿದೆವು. ಸಿಲೋವದ ಗೋಪುರ ಬಿದ್ದು 18 ಜನ ಸತ್ತಿದ್ದರು. ಅವರು ಬೇರೆಯವರಿಗಿಂತ ದೊಡ್ಡ ಪಾಪಿಗಳು ಅಂತ ತಿಳಿದಿರಾ, ಖಂಡಿತ ಅಲ್ಲ, ಅಂತ ಯೇಸು ಹೇಳುತ್ತಾರೆ. ಯಾಕೆ ಬಿತ್ತು ಅಂತ ವಿವರಿಸುವುದಿಲ್ಲ. ಸತ್ತವರ ಮೇಲೆ ತಪ್ಪು ಹೊರಿಸುವುದನ್ನು ತಡೆಯುತ್ತಾರೆ, ಬದುಕಿರುವವರಿಗೆ ನಿಮ್ಮ ಮನಸ್ಸು ತಿರುಗಿಸಿಕೊಳ್ಳಿ ಅನ್ನುತ್ತಾರೆ. ನನ್ನೊಳಗಿನ ಕರಾರು ಪೂರ್ತಿ ಹರಿದದ್ದು ಅಲ್ಲಿಯೇ. ನಾನು ಮೇಣದ ಬತ್ತಿ ಹಚ್ಚಿದ್ದಕ್ಕೆ ಮಗಳು ಉಳಿದಳು ಅಂತ ಇಟ್ಟುಕೊಂಡರೆ, ಸತ್ತವರ ಮನೆಯವರು ಹಚ್ಚಲಿಲ್ಲ ಅಂತ ಆಗುತ್ತದೆ. ಅಂಥ ದೇವರನ್ನು ಯೇಸು ನಮಗೆ ತೋರಿಸಲಿಲ್ಲ. ಆತ ತೋರಿಸಿದ್ದು ನಮ್ಮ ಜೊತೆ ಅಳುವ, ಶಿಲುಬೆಯ ತನಕ ಬರುವ ದೇವರನ್ನು. ಏನೇ ಆದರೂ ಆ ದೇವರ ಕೈಯಿಂದ ನಾವು ಜಾರುವುದಿಲ್ಲ ಅನ್ನುವುದನ್ನು ನಾನು ನಂಬುತ್ತೇನೆ. ಮಗಳು ಈಗ ಹೊಸ ಸೇತುವೆ ಮೇಲೆ ಬರುತ್ತಾಳೆ. ಬಸ್ಸು ತಡವಾದರೆ ಇವತ್ತಿಗೂ ಎದೆ ಹೊಡೆದುಕೊಳ್ಳುತ್ತದೆ, ಆದರೆ ದೇವರಿಗೆ ಏನು ಲಂಚ ಕೊಡಲಿ ಅಂತ ಹುಡುಕುವುದಿಲ್ಲ. ಚಂದಾವರದ ಹಬ್ಬಕ್ಕೂ ಹೋಗುತ್ತೇವೆ. ತೀರಿಸಲು ಏನೂ ಇಲ್ಲದೆ ಹೋಗುವ ಹಬ್ಬದ ಸಂತೋಷವೇ ಬೇರೆ.

ಕೆಲಸದಲ್ಲೂ ಬದಲಾವಣೆ ಆಯಿತು. ಹುಡುಗರ ಪಗಾರ ಶನಿವಾರವೇ ಕೊಟ್ಟುಬಿಡುತ್ತೇನೆ, ನನ್ನ ಬಾಕಿ ಬಂದಿರಲಿ, ಬಿಡಲಿ. ಕೂಲಿಯವನ ಕೂಲಿಯನ್ನು ಬೆಳಗಿನ ತನಕ ಇಟ್ಟುಕೊಳ್ಳಬಾರದು ಅಂತ ಹಳೆಯ ಒಡಂಬಡಿಕೆಯಲ್ಲೇ ಇದೆ. ಭಯ ಇದ್ದಾಗ ಈ ಮಾತು ನಡೆಸುವುದು ಕಷ್ಟ. ಆ ತಾಂಡೇಲರ ಹತ್ತಿರ ಬಾಕಿ ಕೇಳುವಾಗಲೂ ಈಗ ನನ್ನ ದನಿ ಏರುವುದಿಲ್ಲ. ಮೊನ್ನೆ ಅರ್ಧ ಕೊಟ್ಟರು. ಉಳಿದದ್ದಕ್ಕೆ ತಿಂಗಳು ಕೇಳಿದರು, ಆಗಲಿ ಅಂದೆ. ಇಂಜೆಕ್ಟರ್ ಸೋರುತ್ತಿದೆಯಂತೆ. ಸೋಮವಾರ ಬೆಳಿಗ್ಗೆ ಬರುತ್ತೇನೆ ಅಂತ ಹೇಳಿದ್ದೇನೆ.