ಒಳಗೆ ಅಡಗಿದ ವೈರಸ್ಸನ್ನು ಜೀವಕೋಶ ತೋರಿಸಿಕೊಡುವುದು ಹೀಗೆ

ಫ್ಲೂ ವೈರಸ್ ಶ್ವಾಸನಾಳದ ಜೀವಕೋಶದೊಳಗೆ ಹೊಕ್ಕಿತೆಂದರೆ ಆಂಟಿಬಾಡಿಗಳ ಕೈಗೆ ಸಿಗುವುದು ಕಷ್ಟ. ಸೋಂಕಿತ ಕೋಶವನ್ನೇ ಕೊಲ್ಲಬಲ್ಲ ಟಿ ಕೋಶ ಎಂಬ ರೋಗನಿರೋಧಕ ಕೋಶಕ್ಕೂ ಒಳಗಿನದು ಕಾಣದು. ಹಾಗಾಗಿ ತನ್ನೊಳಗೆ ಏನು ತಯಾರಾಗುತ್ತಿದೆ ಎಂಬುದನ್ನು ಕೋಶವೇ ಹೊರಗೆ ತಂದು ತೋರಿಸಬೇಕು.

ಮೊದಲ ಕೆಲಸ ಕತ್ತರಿಸುವುದು. ಹಳತಾದ, ಸರಿಯಾಗಿ ಮಡಚಿಕೊಳ್ಳದ ಪ್ರೋಟೀನುಗಳನ್ನು ಕೋಶದೊಳಗಿನ ಪ್ರೋಟಿಯಾಸೋಮ್ ಎಂಬ ಕತ್ತರಿಸುವ ಯಂತ್ರ ಸದಾ ತುಂಡರಿಸುತ್ತಿರುತ್ತದೆ. ವೈರಸ್ಸಿನ ಪ್ರೋಟೀನುಗಳೂ ಅಲ್ಲೇ ತಯಾರಾಗುವುದರಿಂದ ಅದರ ಬಾಯಿಗೆ ಬೀಳುತ್ತವೆ. ಆ ತುಂಡುಗಳನ್ನು, ಅಂದರೆ ಪೆಪ್ಟೈಡ್‌ಗಳನ್ನು, ಟ್ಯಾಪ್ ಎಂಬ ಸಾಗಣೆ ಪ್ರೋಟೀನು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ, ಕೋಶದೊಳಗಿನ ಪೊರೆಗಳ ಜಾಲದ ಒಳಕ್ಕೆ ದಾಟಿಸುತ್ತದೆ.

ಮುಂದಿನ ಹಂತವೇ ನನಗೆ ಎಲ್ಲಕ್ಕಿಂತ ಸೊಗಸಾಗಿ ಕಾಣುವುದು. ಅಲ್ಲಿ ತುಂಡನ್ನು ಹಿಡಿದು ಹೊರಗೆ ತೋರಿಸುವ, ಎಂಎಚ್‌ಸಿ ಒಂದನೇ ವರ್ಗ ಎಂದು ಕರೆಯುವ ಪ್ರೋಟೀನು ಅಣು ಕಾದಿರುತ್ತದೆ. ಬಿರಿದ ಅವರೆಕಾಯಿಯಲ್ಲಿ ಕಾಳು ಕೂತ ಹಾಗೆ, ಅದರ ಮೇಲ್ಭಾಗದ ಸೀಳಿನಲ್ಲಿ ಪೆಪ್ಟೈಡ್ ಕೂರುತ್ತದೆ. ಸೀಳಿನ ಎರಡೂ ತುದಿ ಮುಚ್ಚಿರುವುದರಿಂದ ಸಾಮಾನ್ಯವಾಗಿ 8ರಿಂದ 10 ಅಮೈನೋ ಆಮ್ಲಗಳ ತುಂಡಷ್ಟೇ ಹಿಡಿಸುತ್ತದೆ. ಈ ಅಣುವಿನಲ್ಲಿ ಹಲವು ಬಗೆಗಳಿವೆ; ಬಹಳ ಜನರಲ್ಲಿರುವ ಎಚ್‌ಎಲ್‌ಎ-ಎ2 ಎಂಬ ಬಗೆ ಫ್ಲೂ ವೈರಸ್ಸಿನ ಎಂ1 ಪ್ರೋಟೀನಿನಿಂದ ಹಿಡಿಯುವುದು 58ರಿಂದ 66ನೆಯವರೆಗಿನ ಒಂಬತ್ತು ಅಮೈನೋ ಆಮ್ಲಗಳ ತುಂಡನ್ನು. ತುಂಡು ಕೂರದೆ ಅಣು ಗಟ್ಟಿಯಾಗುವುದಿಲ್ಲ. ಖಾಲಿ ಇದ್ದರೆ ಕೋಶ ಅದನ್ನು ಸಾಮಾನ್ಯವಾಗಿ ಹೊರಗೆ ಬಿಡುವುದೂ ಇಲ್ಲ. ತುಂಬಿದ್ದು ಕೋಶದ ಸಾಗಣೆ ಕೇಂದ್ರವಾದ ಗಾಲ್ಗಿ ದಾಟಿ ಹೊರಪೊರೆಗೆ ಬರುತ್ತದೆ.

ಅಲ್ಲಿ ಸಿಡಿ8 ಟಿ ಕೋಶ, ಅಂದರೆ ಕೊಲ್ಲುವ ಬಗೆಯ ಟಿ ಕೋಶ, ಅದನ್ನು ತಡವಿ ನೋಡುತ್ತದೆ. ನಮ್ಮದೇ ಪ್ರೋಟೀನಿನ ತುಂಡಾದರೆ ಮುಂದೆ ಹೋಗುತ್ತದೆ, ವೈರಸ್ಸಿನದಾದರೆ ಕೊಲ್ಲುತ್ತದೆ. ತುಂಡಿನ ಜೊತೆಗೆ ಅದನ್ನು ಹಿಡಿದ ಅಣುವೂ ಪರಿಚಿತವಾಗಿರಬೇಕು. 1970ರ ದಶಕದಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ವಿಜ್ಞಾನಿಗಳಾದ ಪೀಟರ್ ಡೊಹರ್ಟಿ ಮತ್ತು ರಾಲ್ಫ್ ಜಿಂಕರ್‌ನಾಗೆಲ್ ಕಂಡದ್ದು ಇದನ್ನೇ: ಒಂದು ತಳಿಯ ಇಲಿಯ ಟಿ ಕೋಶಗಳು, ಅದೇ ವೈರಸ್ ತಗುಲಿದ್ದರೂ ಬೇರೆ ಎಂಎಚ್‌ಸಿ ಇರುವ ತಳಿಯ ಕೋಶಗಳನ್ನು ಮುಟ್ಟಲಿಲ್ಲ. ಇದಕ್ಕೆ 1996ರಲ್ಲಿ ನೊಬೆಲ್ ಬಂತು.

ಎಂದೂ ವೈರಸ್ ಕಾಣದ ಟಿ ಕೋಶವನ್ನು ಮೊದಲು ಎಬ್ಬಿಸುವವರು ಬೇರೆ. ಡೆಂಡ್ರಿಟಿಕ್ ಕೋಶಗಳೆಂಬ ಕಾವಲು ಕೋಶಗಳು ಸೋಂಕಿನ ಜಾಗದಿಂದ ದುಗ್ಧಗ್ರಂಥಿಗೆ (ಲಿಂಫ್ ನೋಡ್) ಹೋಗಿ ತುಂಡುಗಳನ್ನು ತೋರಿಸುತ್ತವೆ. ಹೊರಗಿನಿಂದ ನುಂಗಿದ್ದನ್ನು ಎಂಎಚ್‌ಸಿ ಎರಡನೇ ವರ್ಗದ ಅಣುವಿನಲ್ಲಿಟ್ಟು ಇತರ ರೋಗನಿರೋಧಕ ಕೋಶಗಳಿಗೆ ನೆರವಾಗುವ ಸಿಡಿ4 ಟಿ ಕೋಶಗಳಿಗೂ ತೋರಿಸುತ್ತವೆ. ಆ ಸೀಳಿನ ತುದಿಗಳು ತೆರೆದಿರುವುದರಿಂದ ಇನ್ನೂ ಉದ್ದದ ತುಂಡುಗಳೂ ಕೂರುತ್ತವೆ.

ವೈರಸ್ಸುಗಳೂ ಸುಮ್ಮನಿಲ್ಲ. ಹರ್ಪಿಸ್ ಸಿಂಪ್ಲೆಕ್ಸ್ ವೈರಸ್ಸಿನ ಐಸಿಪಿ47 ಪ್ರೋಟೀನು ಟ್ಯಾಪ್‌ಗೇ ಅಡ್ಡ ಕೂರುತ್ತದೆ. ತುಂಡು ಒಳಹೋಗದಿದ್ದರೆ ಎಂಎಚ್‌ಸಿ ಹೊರಬರದು, ಟಿ ಕೋಶಕ್ಕೆ ಸುಳಿವೂ ಸಿಗದು. ಆದರೆ ಎಂಎಚ್‌ಸಿ ಕಡಿಮೆಯಾದ ಕೋಶವನ್ನೇ ಹುಡುಕಿ ಕೊಲ್ಲುವ ನ್ಯಾಚುರಲ್ ಕಿಲ್ಲರ್ ಕೋಶಗಳೂ ನಮ್ಮ ರಕ್ತದಲ್ಲಿವೆ.