ಹೈವೇಲಿ ಜಾಥಾ ಉಂಟಾ? ದಾರಿಯ ಮಾಹಿತಿ ಹೀಗೆ ಕೊಡಿ

ಕಾಸರಗೋಡಿನವರಿಗೆ ಜಾಥಾ ಹೊಸತಲ್ಲ. ಕೇರಳದ ಉದ್ದಕ್ಕೆ ಹೋಗುವ ಯಾತ್ರೆ ಯಾವ ಪಕ್ಷದ್ದೇ ಇರ್ಲಿ, ಹೆಚ್ಚಾಗಿ ಬಡಗು ತುದಿಯಿಂದ ಶುರು ಆಗ್ತದೆ, ಬಡಗು ತುದಿ ಅಂದ್ರೆ ನಾವೇ, ಹಾಗಾಗಿ ಬಾವುಟ ಕೊಟ್ಟು ಹೊರಡಿಸುವ ಕೆಲಸ ಹೆಚ್ಚಿನ ಸಲ ನಮ್ಮ ಪಾಲಿಗೆ. 2019ರ ಜನವರಿ 1ಕ್ಕೆ ವನಿತಾ ಮತಿಲ್ (ಹೆಂಗಸರ ಗೋಡೆ) ಅಂತ ಹೆಂಗಸರು ಹೈವೇ ಬದಿಯಲ್ಲಿ ಸಾಲಾಗಿ ನಿಂತದ್ದೂ ಇಲ್ಲಿಂದ ತಿರುವನಂತಪುರದವರೆಗೆ, ಸುಮಾರು 620 ಕಿಲೋಮೀಟರ್.

ಮೆರವಣಿಗೆ ಮಾಡೋದು ಸರಿಯಾ ತಪ್ಪಾ ಅಂತ ಚರ್ಚೆ ಮಾಡ್ಲಿಕ್ಕೆ ಈ ಲೇಖನ ಅಲ್ಲ. ಆಯುಧ ಇಲ್ಲದೆ ಶಾಂತವಾಗಿ ಸೇರುವ ಹಕ್ಕು ಸಂವಿಧಾನದ 19ನೇ ವಿಧಿಯಲ್ಲೇ ಉಂಟು. ಆದ್ರೆ ಅದೇ ದಿನ ಮಂಗಳೂರಿಗೆ ಡಯಾಲಿಸಿಸ್‌ಗೆ ಹೋಗುವವರು, ಬಜ್ಪೆಯಲ್ಲಿ ದುಬೈ ಫ್ಲೈಟ್ ಹಿಡಿಯುವವರು, ಪರೀಕ್ಷೆಗೆ ಹೊರಟ ಮಕ್ಕಳು, ಮೀನಿನ ಗಾಡಿ, ಗ್ಯಾಸ್ ಟ್ಯಾಂಕರ್, ಮದುವೆ ದಿಬ್ಬಣದ ಬಸ್ಸು ಎಲ್ಲ ಅದೇ 66ನೇ ನಂಬರ್ ಹೈವೇಲಿ ಇರ್ತಾರೆ. "ರೋಡ್ ಬ್ಲಾಕ್ ಮಾರಾಯ್ರೆ" ಅಂತ ಒಂದು ಸಾಲು ಫಾರ್ವರ್ಡ್ ಮಾಡಿದ್ರೆ ಇವರಲ್ಲಿ ಯಾರಿಗೂ ಎಂತ ಉಪಯೋಗವೂ ಇಲ್ಲ. ಎಲ್ಲಿ ಬ್ಲಾಕ್, ಯಾವ ದಿಕ್ಕಿಗೆ, ಎಷ್ಟು ಹೊತ್ತಿನವರೆಗೆ, ಬೇರೆ ದಾರಿ ಯಾವುದು, ಇಷ್ಟು ಇದ್ರೆ ಮಾತ್ರ ಅದನ್ನು ಮಾಹಿತಿ ಅನ್ನಬಹುದು. ಜಾಥಾ ಮಾಡುವ ಸಂಘಟನೆಯವರು, ಊರಿನ ಕ್ಲಬ್ಬಿನವರು, ಪಂಚಾಯತ್ ಮೆಂಬರ್ರು ಯಾರು ಬೇಕಾದ್ರೂ ಈ ಕೆಲಸ ಮಾಡ್ಬಹುದು.

ಹೊರಡುವ ಮೊದಲು

ಮೊದಲನೇ ಕೆಲಸ ಪೊಲೀಸ್ ಸ್ಟೇಷನ್ನಿಗೆ ಹೋಗಿ ಮಾತಾಡೋದು. ಕೇರಳದಲ್ಲಿ ರಸ್ತೆಯಲ್ಲಿ ಸಭೆ, ಮೆರವಣಿಗೆ ಮಾಡುವುದಕ್ಕೆ ಅಂತಲೇ 2011ರ ಒಂದು ಕಾನೂನು ಉಂಟು, ಅನುಮತಿ ಕೇಳುವಾಗ ಹೇಗೂ ರೂಟ್, ಟೈಮ್ ಬರೆದು ಕೊಡ್ಬೇಕು. ಬರೆದದ್ದರ ಒಂದು ಕಾಪಿ ನಿಮ್ಮ ಮಾಹಿತಿ ಟೀಮಿನ ಕೈಲೂ ಇರ್ಲಿ. ಜಾಥಾ ಗಡಿ ಹತ್ತಿರ ಅಂತಾದ್ರೆ ತಲಪಾಡಿ ಆಚೆ ಕಡೆಯ ಕರ್ನಾಟಕದ ಪೊಲೀಸರಿಗೂ ಹೇಳಿ, ಯಾಕಂದ್ರೆ ಮಂಜೇಶ್ವರದಲ್ಲಿ ಗಾಡಿ ನಿಂತ್ರೆ ಅದರ ಕ್ಯೂ ತಲಪಾಡಿ ಟೋಲ್ ಗೇಟಿನವರೆಗೆ ಬೆಳೆಯಲಿಕ್ಕೆ ಜಾಸ್ತಿ ಹೊತ್ತು ಬೇಡ. ಆಚೆಯವರಿಗೆ ಸಂಗತಿ ಎಂತ ಅಂತಲೇ ಗೊತ್ತಿರುವುದಿಲ್ಲ, ಗಾಡಿಗಳನ್ನು ಮತ್ತೆ ಮತ್ತೆ ಈಚೆ ಬಿಡ್ತಾನೇ ಇರ್ತಾರೆ.

ಕ್ಯಾಲೆಂಡರ್ ನೋಡಿ. ಎಸ್ಸೆಸ್ಸೆಲ್ಸಿ ಪರೀಕ್ಷೆ ಉಂಟಾ, ಪಿಎಸ್ಸಿ ಪರೀಕ್ಷೆ ಉಂಟಾ, ಕುಂಬಳೆ ಜಾತ್ರೆಯ ಬೆಡಿಯ (ಸುಡುಮದ್ದಿನ) ದಿನವಾ, ತಳಂಗರೆ ಉರೂಸಾ. 2018ರ ಮಾರ್ಚ್‌ನಲ್ಲಿ ನಾಸಿಕದಿಂದ ಮುಂಬೈಗೆ ಸುಮಾರು 180 ಕಿಲೋಮೀಟರ್ ನಡೆದ ರೈತರು ಕೊನೆಯ ರಾತ್ರಿ ಎಂತ ಮಾಡಿದ್ರು ಗೊತ್ತುಂಟಲ್ಲ? ಬೆಳಿಗ್ಗೆ ಹತ್ತನೇ ಕ್ಲಾಸಿನ ಮಕ್ಕಳಿಗೆ ಪರೀಕ್ಷೆ, ಹಗಲಲ್ಲಿ ನಡೆದ್ರೆ ಅವರಿಗೆ ಕಷ್ಟ ಅಂತ, ಅಷ್ಟು ದಿನ ನಡೆದು ಕಾಲು ಒಡೆದಿದ್ರೂ ರಾತ್ರಿಯೇ ಎದ್ದು ಸಯನ್ ಕಡೆಯಿಂದ ಆಜಾದ್ ಮೈದಾನಕ್ಕೆ ನಡೆದು ಮುಟ್ಟಿದ್ರು. ಮುಂಬೈಯ ಜನ ಅವರಿಗೆ ಊಟ, ಚಪ್ಪಲಿ ತಂದು ಕೊಟ್ಟದ್ದರ ಹಿಂದೆ ಇದೂ ಒಂದು ಕಾರಣ ಅಂತ ನನ್ನ ಅಂದಾಜು.

ಮತ್ತೆ ಒಂದೇ ನಂಬರ್. ಹತ್ತು ಜನರ ಹತ್ತು ನಂಬರ್ ಪೋಸ್ಟರಲ್ಲಿ ಹಾಕ್ಬೇಡಿ. ಆ ದಿನಕ್ಕೆ ಅಂತ ಒಂದು ಸಿಮ್ ಇಡಿ, ಫೋನ್ ಎತ್ತುವವರು ಜಾಥಾದಲ್ಲಿ ನಡೆಯಬಾರದು, ಕರೆಂಟು, ಚಾರ್ಜರ್, ಫ್ಯಾನ್ ಇರುವ ಒಂದು ರೂಮಲ್ಲಿ ಕೂತ್ಕೊಳ್ಬೇಕು. ಘೋಷಣೆಯ ನಡುವೆ ನಿಂತುಕೊಂಡು ದಾರಿ ಹೇಳ್ಲಿಕ್ಕೆ ಆಗ್ತದಾ, ಕೇಳ್ಲಿಕ್ಕೇ ಆಗುವುದಿಲ್ಲ.

ರಸ್ತೆ ಮೊದಲಿನ ಹಾಗೆ ಇಲ್ಲ

ಇದನ್ನು ಸ್ವಲ್ಪ ಬಿಡಿಸಿ ಹೇಳ್ತೇನೆ, ಯಾಕಂದ್ರೆ ಇಲ್ಲಿಯೇ ಎಲ್ಲರೂ ಎಡವೋದು. ಹಳೇ ಎರಡು ಲೇನಿನ ರಸ್ತೆಯಲ್ಲಿ "ಉಪ್ಪಳದಲ್ಲಿ ಜಾಥಾ" ಅಂದ್ರೆ ಸಾಕಿತ್ತು, ರಸ್ತೆ ಒಂದೇ. ಈಗ ಆರು ಲೇನಿನ ಮೇನ್ ರೋಡ್ ಬೇರೆ, ಎರಡೂ ಬದಿಯ ಸರ್ವಿಸ್ ರೋಡ್ ಬೇರೆ, ನಡುವಲ್ಲಿ ಡಿವೈಡರ್, ಬದಿಗೆ ಗೋಡೆ, ಆಚೆ ಈಚೆ ದಾಟಬೇಕಾದ್ರೆ ಅಂಡರ್‌ಪಾಸೇ ಗತಿ. ಕಾಸರಗೋಡು ಪೇಟೆಯಲ್ಲಿ ಮೇಲ್ಸೇತುವೆ ಬೇರೆ ಉಂಟು. ಹಾಗಾಗಿ ಜಾಥಾ ಮೇನ್ ರೋಡಲ್ಲಾ ಸರ್ವಿಸ್ ರೋಡಲ್ಲಾ, ಸೇತುವೆಯ ಮೇಲೆಯಾ ಕೆಳಗೆಯಾ, ಮಂಗಳೂರು ಕಡೆ ಹೋಗುವ ಬದಿಯಾ ಕಾಸರಗೋಡು ಕಡೆ ಬರುವ ಬದಿಯಾ ಅಂತ ಹೇಳದಿದ್ರೆ ಮೆಸೇಜು ವೇಸ್ಟ್. ಮೇನ್ ರೋಡಿಗೆ ಒಮ್ಮೆ ಹತ್ತಿದ ಕಾರಿಗೆ ಎದುರು ಬ್ಲಾಕ್ ಉಂಟು ಅಂತ ನಡುವಲ್ಲಿ ಗೊತ್ತಾದ್ರೆ ಇಳೀಲಿಕ್ಕೆ ದಾರಿ ಇಲ್ಲ, ತಿರುಗಿಸ್ಲಿಕ್ಕೂ ಇಲ್ಲ, ಅಲ್ಲೇ ಸಿಕ್ಕಿ ಹಾಕಿಕೊಳ್ತದೆ. ಅಂದ್ರೆ ಮಾಹಿತಿ ಅವರಿಗೆ ಮುಟ್ಟಬೇಕಾದ್ದು ಹತ್ತುವ ಮೊದಲು. ಲೋಕಲ್ ಬಸ್ಸಿನವರದ್ದು ಉಲ್ಟಾ ಸಮಸ್ಯೆ, ಅವರ ಸ್ಟಾಪೆಲ್ಲ ಸರ್ವಿಸ್ ರೋಡಲ್ಲಿ, ಜಾಥಾವೂ ಅಲ್ಲೇ ಬಂದ್ರೆ ಮೇನ್ ರೋಡ್ ಖಾಲಿ ಇದ್ರೂ ಬಸ್ಸಿಗೆ ಪ್ರಯೋಜನ ಇಲ್ಲ.

ಜಾಥಾ ಹೊರಡುವ ಹಿಂದಿನ ದಿನ ಒಬ್ಬರು ಬೈಕಲ್ಲಿ ಪೂರ್ತಿ ರೂಟ್ ಹೋಗಿ ಹತ್ತುವ, ಇಳಿಯುವ ಜಾಗ, ಅಂಡರ್‌ಪಾಸ್ ಎಲ್ಲ ಬರೆದುಕೊಂಡು ಬನ್ನಿ. ಕೆಲಸ ನಡೀತಿರುವ ಜಾಗದಲ್ಲಿ ನಿನ್ನೆ ಇದ್ದ ದಾರಿ ಇವತ್ತು ಇರುವುದಿಲ್ಲ, ಮ್ಯಾಪಲ್ಲಿ ನೋಡಿದ್ರೆ ಸಾಲದು.

ತಲೆ ಎಲ್ಲಿ, ಬಾಲ ಎಲ್ಲಿ

ಜಾಥಾ ಎಷ್ಟು ಉದ್ದ ಆಗ್ತದೆ ಅಂತ ಮೊದಲೇ ಲೆಕ್ಕ ಹಾಕ್ಲಿಕ್ಕೆ ಬರ್ತದೆ. ಒಂದು ಸಾಲಲ್ಲಿ ನಾಲ್ಕು ಜನ, ಸಾಲಿಂದ ಸಾಲಿಗೆ ಒಂದೂವರೆ ಮೀಟರ್ ಅಂತ ಇಟ್ಟುಕೊಂಡ್ರೆ 5,000 ಜನರಿಗೆ 1,250 ಸಾಲು, ಉದ್ದ ಹತ್ತಿರ ಹತ್ತಿರ 2 ಕಿಲೋಮೀಟರ್. ಗುಂಪು ನಡೆಯುವ ಸ್ಪೀಡ್ ಗಂಟೆಗೆ 3 ಕಿಲೋಮೀಟರ್ ಅಂತ ಹಿಡಿದ್ರೂ ಒಂದು ಅಂಗಡಿಯ ಎದುರು ಪೂರ್ತಿ ದಾಟ್ಲಿಕ್ಕೆ 40 ನಿಮಿಷ. ನೀರು ಕುಡಿಯುವುದು, ಬ್ಯಾನರ್ ಸರಿ ಮಾಡುವುದು, ಲೀಡರ್ ನಿಂತು ಟಿವಿಯವರಿಗೆ ಮಾತಾಡುವುದು ಎಲ್ಲ ಸೇರಿಸಿ ಒಂದು ಗಂಟೆ ಅಂತಲೇ ಜನರಿಗೆ ಹೇಳಿ. ಇಷ್ಟು ಹೇಳಿದ್ರೆ ಬಂದ್ಯೋಡಿನ ಹೋಟೆಲಲ್ಲಿ ಕೂತವನು ಇನ್ನೊಂದು ಚಾ ಕುಡಿದು ಹೊರಡ್ತಾನೆ, ಸುಮ್ಮನೆ ಹಾರ್ನ್ ಹಾಕುವುದಿಲ್ಲ.

ಜಾಥಾದ ತಲೆಗೆ ಒಬ್ಬರು, ಬಾಲಕ್ಕೆ ಒಬ್ಬರು, ಅರ್ಧ ಗಂಟೆಗೊಮ್ಮೆ ರೂಮಿಗೆ ಫೋನ್ ಮಾಡ್ಬೇಕು. ಎಲ್ಲರೂ ತಲೆ ಎಲ್ಲಿಗೆ ಮುಟ್ಟಿತು ಅಂತಲೇ ಹೇಳ್ತಾರೆ, ಫೋಟೋ ಬರೋದೂ ಅದರದ್ದೇ. ಆದ್ರೆ ರಸ್ತೆ ಓಪನ್ ಆಗೋದು ಬಾಲ ದಾಟಿದ ಮೇಲೆ. ಪ್ರಯಾಣಿಕರಿಗೆ ಬೇಕಾದ್ದು ಬಾಲದ ಸುದ್ದಿ. ಜನ ಜಾಸ್ತಿ ಇದ್ದಲ್ಲಿ ನೆಟ್ ಸಿಗುವುದಿಲ್ಲ, ಆವಾಗ ಸಾದಾ ಎಸ್ಸೆಮ್ಮೆಸ್ ಹೋಗುವ ಚಾನ್ಸ್ ಜಾಸ್ತಿ, ಬಾಲದವರಿಗೆ ಇದನ್ನು ಮೊದಲೇ ಹೇಳಿಡಿ.

ಮೆಸೇಜ್ ಬರೆಯುವುದು

ಒಂದು ಜಾಥಾ ಬೆಳಿಗ್ಗೆ 9ಕ್ಕೆ ಕುಂಬಳೆಯಿಂದ ಕಾಸರಗೋಡಿಗೆ ಹೊರಟಿದೆ ಅಂತ ಇಟ್ಟುಕೊಳ್ಳಿ. ಮೆಸೇಜು ಹೀಗಿರ್ಲಿ:

"ಬೆಳಿಗ್ಗೆ 10.20. ಜಾಥಾದ ತಲೆ ಮೊಗ್ರಾಲ್ ದಾಟಿದೆ, ಬಾಲ ಕುಂಬಳೆ ಪೇಟೆ ಬಿಟ್ಟಿದೆ. ಕಾಸರಗೋಡು ಕಡೆ ಹೋಗುವ ಸರ್ವಿಸ್ ರೋಡ್ ಬಂದ್. ಮೇನ್ ರೋಡ್ ಎರಡೂ ದಿಕ್ಕಿಗೆ ಓಪನ್, ಆದ್ರೆ ಮೊಗ್ರಾಲಲ್ಲಿ ಇಳಿಯಲಿಕ್ಕೆ ಆಗುವುದಿಲ್ಲ. ಕಾರು, ಆಟೋದವರಿಗೆ ಕುಂಬಳೆ–ಸೀತಾಂಗೋಳಿ–ಉಳಿಯತ್ತಡ್ಕ ದಾರಿ ಉಂಟು. ರೈಲು ಓಡ್ತಾ ಉಂಟು. ಮುಂದಿನ ಮೆಸೇಜು 10.50ಕ್ಕೆ, ಆಮೇಲೆ ಇದನ್ನು ನಂಬಬೇಡಿ."

ಟೈಮ್ ಮೊದಲು, ಕೊನೆಗೆ ಎಕ್ಸ್‌ಪೈರಿ. ಟೈಮ್ ಇಲ್ಲದ ಮೆಸೇಜು ಸಂಜೆ 6 ಗಂಟೆಗೂ ಯಾವುದೋ ಫ್ಯಾಮಿಲಿ ಗ್ರೂಪಲ್ಲಿ ಸುತ್ತುತ್ತಾ ಇರ್ತದೆ, ಅದನ್ನು ನೋಡಿ ಯಾರೋ ಒಬ್ಬರು ಆಸ್ಪತ್ರೆಗೆ ಹೋಗೋದನ್ನು ನಾಳೆಗೆ ಹಾಕ್ತಾರೆ. ವಾಟ್ಸಾಪಲ್ಲಿ 15 ನಿಮಿಷದೊಳಗೆ ಎಡಿಟ್ ಮಾಡ್ಬಹುದು ಸರಿ, ಆದ್ರೆ ಆಗಲೇ ಫಾರ್ವರ್ಡ್ ಆಗಿ ಹೋದ ಕಾಪಿ ಬದಲಾಗುವುದಿಲ್ಲ, ಹಾಗಾಗಿ ತಪ್ಪು ಹೋದ್ರೆ ಎಡಿಟ್ ನಂಬಿ ಕೂರಬೇಡಿ, "10.20ರ ಮೆಸೇಜು ತಪ್ಪು" ಅಂತ ಹೊಸತೇ ಹಾಕಿ.

ಊರಿನ ಹೆಸರು ಪೂರ್ತಿ ಬರೀರಿ. "ಪುತ್ತೂರಲ್ಲಿ ಬ್ಲಾಕ್" ಅಂತ ಬರೆದ್ರೆ ಪೆರ್ಲದವರು ದಕ್ಷಿಣ ಕನ್ನಡದ ಪುತ್ತೂರು ಅಂತ ತಿಳಿದು ಬೇರೆ ದಾರಿ ಹಿಡೀತಾರೆ, ನೀವು ಹೇಳಿದ್ದು ಮೊಗ್ರಾಲ್ ಪುತ್ತೂರು. ಹೊಸದುರ್ಗ ಅಂದ್ರೆ ಹೊರಗಿನ ಡ್ರೈವರಿಗೆ ತಿಳಿಯುವುದಿಲ್ಲ, ಬೋರ್ಡಲ್ಲಿ ಕಾಞಂಗಾಡ್ ಅಂತ ಉಂಟು, ಎರಡೂ ಹಾಕಿ. ಕನ್ನಡ, ಮಲಯಾಳ ಎರಡು ಬೇಕೇ ಬೇಕು, ಲಾರಿಯವರಿಗೆ ಹಿಂದಿಯಲ್ಲಿ ಎರಡು ಸಾಲು. ಪೈವಳಿಕೆ, ವರ್ಕಾಡಿ ಕಡೆಯ ಅಜ್ಜಂದಿರಿಗೆ ತುಳುವಿನಲ್ಲಿ ಒಂದು ವಾಯ್ಸ್ ಮೆಸೇಜು ಕಳಿಸಿ ನೋಡಿ, ಬರೆದದ್ದಕ್ಕಿಂತ ಬೇಗ ಮುಟ್ತದೆ. ಮಲಯಾಳದ್ದನ್ನು ಆ್ಯಪಿಗೆ ಹಾಕಿ ಕನ್ನಡ ಮಾಡಿ ಹಾಗೇ ತಳ್ಳಬೇಡಿ, ಊರಿನ ಹೆಸರೇ ಅದಲು ಬದಲಾಗಿ ಬರ್ತದೆ, ಎರಡೂ ಭಾಷೆ ಗೊತ್ತಿರುವವರು ನಮ್ಮಲ್ಲಿ ಮನೆಗೊಬ್ಬರು ಇದ್ದಾರಲ್ಲ.

ಬದಲಿ ದಾರಿ ಎಲ್ಲರಿಗೂ ಒಂದೇ ಅಲ್ಲ

ಕಾಸರಗೋಡಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ಹೈವೇ ಬಿಟ್ಟು ಹೋಗ್ಬೇಕಂದ್ರೆ ಚೆರ್ಕಳ–ಬದಿಯಡ್ಕ–ಪೆರ್ಲ–ಅಡ್ಕಸ್ಥಳ–ವಿಟ್ಲ–ಕಲ್ಲಡ್ಕ, ಸುತ್ತು ಹೌದು, ಆದ್ರೆ ದಾರಿ ಉಂಟು. ಸುಳ್ಯ ಕಡೆಯವರಿಗೆ ಚೆರ್ಕಳ–ಮುಳ್ಳೇರಿಯ–ಜಾಲ್ಸೂರು. ಕಾಞಂಗಾಡ್ ಕಡೆಗೆ ಚಂದ್ರಗಿರಿ ಸೇತುವೆ ದಾಟಿ ಮೇಲ್ಪರಂಬ, ಉದುಮ, ಬೇಕಲ ಆಗಿ ಕರಾವಳಿ ರಸ್ತೆ. ಬೈಕು, ಕಾರು ಹೋಗುವ ಒಳ ರಸ್ತೆಗೆ ಟ್ಯಾಂಕರ್ ಕಳಿಸಿದ್ರೆ ಒಂದು ತಿರುವಲ್ಲಿ ಅದು ಸಿಕ್ಕಿಬಿದ್ದು ಆ ದಾರಿಯೂ ಬಂದ್, ಮೊದಲಿನದ್ದೂ ಬಂದ್. ದೊಡ್ಡ ಲಾರಿಯವರಿಗೆ ಹೇಳ್ಬೇಕಾದ್ದು ಬದಲಿ ದಾರಿ ಅಲ್ಲ, "ಇಂಥಲ್ಲಿ ಬದಿಗೆ ನಿಲ್ಲಿಸಿ, ಇಷ್ಟು ಗಂಟೆಗೆ ಬಿಡ್ತಾರೆ" ಅಂತ. ಮಳೆಗಾಲ ಆದ್ರೆ ಇನ್ನೊಂದು ಸಲ ಯೋಚಿಸಿ, ಮಧೂರು ಕಡೆ ನೀರು ಏರಿದ ದಿನ ಉಳಿಯತ್ತಡ್ಕದ ದಾರಿ ಹೇಳುವ ಮೊದಲು ಅಲ್ಲಿಯವರಿಗೆ ಒಂದು ಫೋನ್ ಮಾಡಿ.

ರೈಲನ್ನು ಯಾಕೋ ಯಾರೂ ಹೇಳುವುದಿಲ್ಲ. ರೈಲಿಗೆ ತಡೆ ಇಲ್ಲ ಅಂತ ಗ್ಯಾರಂಟಿ ಮಾಡಿಕೊಂಡು ಅದನ್ನೇ ಮೊದಲು ಹೇಳಿ, ಆದ್ರೆ ಕುಂಬಳೆ, ಉಪ್ಪಳ, ಮಂಜೇಶ್ವರದಲ್ಲಿ ಎಲ್ಲಾ ಎಕ್ಸ್‌ಪ್ರೆಸ್ ನಿಲ್ಲುವುದಿಲ್ಲ ಅಂತಲೂ ಸೇರಿಸಿ. ವಿಚಾರಿಸ್ಲಿಕ್ಕೆ 139.

ಆಂಬುಲೆನ್ಸ್

2020ರ ಮಾರ್ಚ್‌ನಲ್ಲಿ ಕೋವಿಡ್ ಅಂತ ಗಡಿಯ ರಸ್ತೆಗೆ ಮಣ್ಣು ಸುರಿದು ಮುಚ್ಚಿದಾಗ ಎಂತ ಆಯ್ತು ಅಂತ ಇಲ್ಲಿ ಯಾರಿಗೂ ನೆನಪು ಮಾಡ್ಬೇಕಾಗಿಲ್ಲ. ಆಂಬುಲೆನ್ಸುಗಳು ತಲಪಾಡಿಯಿಂದ ವಾಪಸ್ ಬಂದವು, ಜನ ತೀರಿಕೊಂಡ್ರು, ವಿಷಯ ಕೇರಳ ಹೈಕೋರ್ಟಿಂದ ಸುಪ್ರೀಂ ಕೋರ್ಟಿನವರೆಗೆ ಹೋಯ್ತು. ನಮ್ಮ ದೊಡ್ಡ ಆಸ್ಪತ್ರೆ ಅಂದ್ರೆ ಇವತ್ತಿಗೂ ಮಂಗಳೂರೇ. ಹಾಗಾಗಿ ಜಾಥಾದ ಒಂದು ಬದಿಯಲ್ಲಿ ಒಂದು ಲೇನ್ ಪೂರ್ತಿ ಖಾಲಿ ಇಡಿ, ಯಾವ ಬದಿ ಅಂತ ಮೊದಲೇ ತೀರ್ಮಾನ ಮಾಡಿ ಎಲ್ಲರಿಗೂ ಹೇಳಿ, ನಡುವಲ್ಲಿ ಬದಲಿಸಬೇಡಿ. ಸೈರನ್ ಬಾಲದಲ್ಲಿ ಕೇಳಿದಾಗ ತಲೆಯವರಿಗೆ ಗೊತ್ತೇ ಆಗುವುದಿಲ್ಲ, 2 ಕಿಲೋಮೀಟರ್ ದೂರ ಅಲ್ವಾ, ಬಾಲದವರು ರೂಮಿಗೆ, ರೂಮಿಂದ ತಲೆಗೆ ಫೋನ್ ಹೋಗ್ಬೇಕು. ಆ ದಿನ ಡಯಾಲಿಸಿಸ್ ಇರುವವರು ಹಿಂದಿನ ದಿನವೇ ನಂಬರಿಗೆ ಫೋನ್ ಮಾಡಿ ಟೈಮ್ ಹೇಳ್ಲಿ ಅಂತ ಪೋಸ್ಟರಲ್ಲೇ ಬರೀರಿ. ಎರಡೂ ರಾಜ್ಯದಲ್ಲಿ 108 ಆಂಬುಲೆನ್ಸ್, 112 ಪೊಲೀಸ್ ಮತ್ತೆ ಎಲ್ಲಾ ಎಮರ್ಜೆನ್ಸಿ, ಹೈವೇ ಹೆಲ್ಪ್‌ಲೈನ್ 1033. ಗಡಿ ಹತ್ತಿರ ಇದ್ರೆ ಫೋನ್ ಎತ್ತಿದ ಕೂಡ್ಲೆ ಊರು, ರಾಜ್ಯ ಹೇಳಿ. ಆಂಬುಲೆನ್ಸಿಗೆ ದಾರಿ ಬಿಡದಿದ್ರೆ ಮೋಟಾರು ವಾಹನ ಕಾಯ್ದೆಯಲ್ಲಿ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗ್ಬಹುದು, ನಡುವಲ್ಲಿ ನುಗ್ಗುವ ಕಾರಿನವರಿಗೆ ಇದನ್ನು ನೆನಪಿಸಿ.

ಹಂಚುವುದು

ವಾಟ್ಸಾಪ್ ಗ್ರೂಪ್ ಮಾಡಿದ್ರೆ ಅಡ್ಮಿನ್ ಮಾತ್ರ ಮೆಸೇಜ್ ಹಾಕುವ ಹಾಗೆ ಸೆಟ್ಟಿಂಗ್ ಇಡಿ, ಇಲ್ಲದಿದ್ರೆ ಗುಡ್ ಮಾರ್ನಿಂಗ್ ಹೂವಿನ ಅಡಿಯಲ್ಲಿ ನಿಮ್ಮ ಮೆಸೇಜು ಮುಚ್ಚಿಹೋಗ್ತದೆ. ಒಂದು ಗ್ರೂಪಿಗೆ 1,024 ಜನ ಲಿಮಿಟ್. ಫೋಟೋ ಮಾಡಿ ಹಾಕ್ಬೇಡಿ, ಟೆಕ್ಸ್ಟೇ ಇರ್ಲಿ, ನೆಟ್ ಸ್ಲೋ ಇದ್ದಲ್ಲಿ ಫೋಟೋ ಓಪನ್ ಆಗುವುದಿಲ್ಲ. ಆದ್ರೆ ನನ್ನ ಕೇಳಿದ್ರೆ ಗ್ರೂಪಿಗಿಂತ ಆಟೋ ಸ್ಟ್ಯಾಂಡ್ ಮುಖ್ಯ. ಹೊಸಂಗಡಿ, ಉಪ್ಪಳ, ಕುಂಬಳೆ, ಚೆರ್ಕಳ, ಬದಿಯಡ್ಕ ಸ್ಟ್ಯಾಂಡಲ್ಲಿ ಒಬ್ಬೊಬ್ಬ ಡ್ರೈವರಿಗೆ ನೇರ ಫೋನ್ ಮಾಡಿ ಹೇಳಿ, ಬಸ್ಸು ಕಾಯ್ತಾ ನಿಂತವರು ಕೇಳುವುದು ಅವರನ್ನೇ. ಸರ್ಕಾರಿ ಬಸ್ ಡಿಪೋ ಎರಡು, ಕಾಸರಗೋಡಿನದ್ದೂ ಮಂಗಳೂರಿನದ್ದೂ, ಒಂದಕ್ಕೆ ಹೇಳಿ ಇನ್ನೊಂದಕ್ಕೆ ಬಿಟ್ರೆ ಅರ್ಧ ಬಸ್ಸು ಬಂದು ಸಿಕ್ಕಿ ಹಾಕಿಕೊಳ್ತದೆ.

ಫೋನಲ್ಲಿ ಬೈಯುವವರು ಬರ್ತಾರೆ, ಬರ್ಲೇಬೇಕು. ಅವರಿಗೆ ಜಾಥಾ ಯಾಕೆ ಅಂತ ಭಾಷಣ ಮಾಡ್ಬೇಡಿ, ಎಲ್ಲಿದ್ದೀರಿ, ಎಲ್ಲಿಗೆ ಹೋಗ್ಬೇಕು ಅಂತ ಕೇಳಿ ದಾರಿ ಹೇಳಿ. ಕಲ್ಲು ಬಿತ್ತು, ಲಾಠಿ ಬಿತ್ತು ಅಂತ ಸುದ್ದಿ ಬಂದ್ರೆ ತಲೆ ಅಥವಾ ಬಾಲದವರು ಕಣ್ಣಲ್ಲಿ ನೋಡಿ ಹೇಳುವ ತನಕ ಹಾಕ್ಬೇಡಿ. ನಡೆಯುವವರ ಮುಖದ ಫೋಟೋವೂ ಬೇಡ, ದಾರಿ ಹೇಳ್ಲಿಕ್ಕೆ ಅದರ ಅಗತ್ಯ ಇಲ್ಲ.

ಬಾಲ ಕಾಸರಗೋಡು ಮುಟ್ಟಿದ ಕೂಡ್ಲೆ ರೂಮ್ ಬಿಟ್ಟು ಊಟಕ್ಕೆ ಹೋಗುವುದು ಎಲ್ಲರ ಅಭ್ಯಾಸ. ನಿಂತ ಗಾಡಿಗಳು ಬಿಡಿಸಿಕೊಳ್ಳುವುದಕ್ಕೆ ಅದರ ಮೇಲೂ ಹೊತ್ತು ಬೇಕು, ಬಂದ ಜನರನ್ನು ವಾಪಸ್ ಕರೆದುಕೊಂಡು ಹೋಗುವ ಬಸ್ಸುಗಳು ಬೇರೆ ಒಟ್ಟಿಗೆ ಹೊರಡ್ತವೆ, ಎರಡನೇ ಬ್ಲಾಕ್ ಆಗೋದು ಆವಾಗಲೇ. ಬಸ್ಸುಗಳನ್ನು ಹತ್ತು ಹತ್ತು ನಿಮಿಷ ಬಿಟ್ಟು ಕಳಿಸಿ, ತಲಪಾಡಿಯಲ್ಲಿ ಕ್ಯೂ ಕರಗಿದೆಯಾ ಅಂತ ಕೇಳಿ, ಆಮೇಲೆ ಟೈಮ್ ಹಾಕಿ ಕೊನೆಯ ಮೆಸೇಜು ಕಳಿಸಿ: ಎಲ್ಲಾ ದಾರಿ ಓಪನ್, ಈ ನಂಬರ್ ಇನ್ನು ಬಂದ್.